ಮಹಾಯುದ್ಧ ಹೇಗೆ ಹುಟ್ತು ಅಂತ ಮಕ್ಕಳಿಗೆ ಹೇಳ್ಕೊಡೋದು ಹೇಗೆ: ಒಂದು ಹಗ್ಗ, ಎರಡು ಬಣ್ಣದ ಚೀಟಿ, ಒಂದು ಮೊರ ಕಾಫಿ ಬೀಜ

ಕಕ್ಕಡದ (ಕೊಡಗಿನ ಜೋರು ಮಳೆ ತಿಂಗಳು) ಮಳೆ ಹಿಡ್ಕೊಂಡ್ರೆ ನಮ್ಮ ಕಡೆ ಹೇಗಿರುತ್ತೆ ಗೊತ್ತಲ್ಲ, ಕರೆಂಟ್ ಹೋದ್ರೆ ಎರಡು ಮೂರು ದಿನ ಬರಲ್ಲ, ನೆಟ್‌ವರ್ಕೂ ಇಲ್ಲ, ಸ್ಕೂಲಿಗೆ ರಜೆ, ಮಕ್ಕಳು ಮನೇಲಿ ಕೂತು ಕೂತು ಜಗಳ ಶುರು ಮಾಡ್ತಾರೆ. ನಾನು ಮಡಿಕೇರಿ ಹತ್ರ ಹೈಸ್ಕೂಲಲ್ಲಿ ಸಮಾಜ ವಿಜ್ಞಾನ ಹೇಳ್ಕೊಡ್ತಿದ್ದೆ, ಈಗ ಮನೆ ಜಗಲಿಯಲ್ಲೇ ಅಕ್ಕಪಕ್ಕದ ತೋಟದ ಮಕ್ಕಳು, ಲೈನ್ ಮನೆ (ತೋಟದ ಕೆಲಸದವರ ಸಾಲು ಮನೆ) ಮಕ್ಕಳು ಸೇರಿ ಏಳೆಂಟು ಜನ ಬರ್ತಾರೆ, ಅವರಿಗೆ ಎರಡನೇ ಮಹಾಯುದ್ಧದ ಪಾಠ ಹೇಳ್ಕೊಡೋ ಒಂದು ರೀತಿ ಇದೆ ನನ್ನ ಹತ್ರ, ಅದನ್ನ ಇಲ್ಲಿ ಬರೀತಿದ್ದೀನಿ. ಮನೇಲಿ ಹೈಸ್ಕೂಲ್ ಮಕ್ಕಳಿರೋರು ಯಾರು ಬೇಕಾದ್ರೂ ಮಾಡ್ಬಹುದು, ನಾಲ್ಕು ಸಂಜೆ ಸಾಕು.

ಯುದ್ಧ ಯಾಕೆ ಶುರುವಾಯ್ತು ಅಂತ ಕೇಳಿದ್ರೆ "1939ರ ಸೆಪ್ಟೆಂಬರ್ 1ಕ್ಕೆ ಹಿಟ್ಲರ್ ಪೋಲೆಂಡ್ ಮೇಲೆ ದಾಳಿ ಮಾಡಿದ" ಅಂತ ಎಲ್ಲಾ ಮಕ್ಕಳೂ ಪಟಪಟ ಹೇಳ್ತಾರೆ. ಸರಿಯಾದ ಉತ್ತರವೇ, ಮಾರ್ಕ್ಸೂ ಬರುತ್ತೆ. ಆದ್ರೆ "ಸರಿ, ಅಲ್ಲೀವರೆಗೂ ಅವನನ್ನ ಯಾರೂ ಯಾಕೆ ತಡೀಲಿಲ್ಲ?" ಅಂತ ಕೇಳಿ ನೋಡಿ, ಜಗಲಿ ಪೂರ್ತಿ ಸುಮ್ಮನಾಗುತ್ತೆ. ನನಗೆ ಪಾಠ ಅಂದ್ರೆ ಆ ಪ್ರಶ್ನೆಯೇ. ಸರ್ವಾಧಿಕಾರಿ ಏನು ಮಾಡಿದ ಅನ್ನೋದು ಅರ್ಧ ಪಾಠ ಅಷ್ಟೇ, ಅವನು ಒಂದೊಂದು ಹೆಜ್ಜೆ ಇಟ್ಟಾಗಲೂ ಪಕ್ಕದಲ್ಲಿದ್ದೋರು ಏನು ಮಾಡಿದ್ರು ಅನ್ನೋದು ಇನ್ನರ್ಧ, ನಮ್ಮ ಪುಸ್ತಕಗಳಲ್ಲಿ ಆ ಇನ್ನರ್ಧ ಒಂದೆರಡು ಸಾಲಲ್ಲಿ ಮುಗಿದು ಹೋಗುತ್ತೆ.

ಬೇಕಾಗಿರೋ ಸಾಮಾನು ಏನೂ ದೊಡ್ಡದಲ್ಲ. ಮಳೆಗಾಲದಲ್ಲಿ ಜಗಲಿಯಲ್ಲಿ ಬಟ್ಟೆ ಒಣಗಿಸೋಕೆ ಹಗ್ಗ ಹೇಗೂ ಕಟ್ಟಿರ್ತೀವಿ, ಅದರಲ್ಲಿ ಒಂದು ಖಾಲಿ ಮಾಡ್ಕೊಳ್ಳಿ, ಒಂದಷ್ಟು ಕ್ಲಿಪ್, ಎರಡು ಬಣ್ಣದ ಕಾಗದ (ನಾನು ಬಿಳಿ ಮತ್ತು ಹಳದಿ ಇಟ್ಕೊಳ್ತೀನಿ), ಒಂದು ಅಟ್ಲಾಸ್, ಒಂದು ಮೊರ, ಒಂದು ಸೇರು ಕಾಫಿ ಬೀಜ. ಬಿಳಿ ಚೀಟಿಯಲ್ಲಿ ನಡೆದ ಘಟನೆ, ತಾರೀಖು. ಅದರ ಪಕ್ಕದಲ್ಲೇ ಹಳದಿ ಚೀಟಿ, ಅದರಲ್ಲಿ "ಆಮೇಲೆ ಬೇರೆಯವರು ಏನು ಮಾಡಿದ್ರು". ಹಳದಿ ಇಲ್ದೆ ಬಿಳಿ ಚೀಟಿ ನೇತು ಹಾಕೋ ಹಾಗಿಲ್ಲ, ಇದೊಂದೇ ರೂಲ್.

ಮೊದಲ ಸಂಜೆ ಹಿಟ್ಲರ್ ಹೆಸರೇ ಎತ್ತಬೇಡಿ. 1919ರ ಜೂನ್ 28ರ ವರ್ಸೇಲ್ಸ್ ಒಪ್ಪಂದದಿಂದ ಶುರು ಮಾಡಿ, ಮೊದಲನೇ ಮಹಾಯುದ್ಧದ ತಪ್ಪೆಲ್ಲ ಜರ್ಮನಿ ಕಡೆಯದ್ದು ಅಂತ ಬರೆಸ್ಕೊಂಡಿದ್ದು, ಸೈನ್ಯ 1 ಲಕ್ಷಕ್ಕಿಂತ ಜಾಸ್ತಿ ಇರಬಾರದು ಅಂದಿದ್ದು, 1921ರಲ್ಲಿ 13,200 ಕೋಟಿ ಗೋಲ್ಡ್ ಮಾರ್ಕ್ ಪರಿಹಾರ ಅಂತ ಲೆಕ್ಕ ಕಟ್ಟಿದ್ದು. ಅದಾದ್ಮೇಲೆ 1923, ನವೆಂಬರ್ ಹೊತ್ತಿಗೆ ಒಂದು ಡಾಲರ್‌ಗೆ 4.2 ಲಕ್ಷ ಕೋಟಿ ಮಾರ್ಕ್. ಮಕ್ಕಳಿಗೆ ಆ ಸಂಖ್ಯೆಯನ್ನ ಸೊನ್ನೆ ಹಾಕಿ ಪೂರ್ತಿ ಬರೆಯೋಕೆ ಹೇಳಿ, ಬರೀತಾ ಬರೀತಾನೇ ಅವರಿಗೆ ಅರ್ಥ ಆಗುತ್ತೆ ಜೀವಮಾನದ ಉಳಿತಾಯ ಅಂದ್ರೆ ಏನಾಗಿ ಹೋಯ್ತು ಅಂತ.

ಇಲ್ಲಿ ಎರಡು ಕಡೆ ಮಕ್ಕಳು ಎಡವ್ತಾರೆ, ದೊಡ್ಡವರೂ ಎಡವ್ತಾರೆ. ಒಂದು, 1923ರ ಹಣದುಬ್ಬರ ಮತ್ತೆ 1929ರ ಆರ್ಥಿಕ ಕುಸಿತ ಎರಡನ್ನೂ ಒಂದೇ ಮಾಡಿಬಿಡೋದು. ಎರಡೂ ಬೇರೆ, ಮಧ್ಯೆ ನಾಲ್ಕೈದು ವರ್ಷ ಜರ್ಮನಿ ಚೇತರಿಸಿಕೊಂಡಿತ್ತು. ಎರಡನೇದು, ವರ್ಸೇಲ್ಸ್ ಒಂದರಿಂದಲೇ ಎಲ್ಲಾ ಆಯ್ತು ಅನ್ನೋದು. ಹಾಗಾದ್ರೆ ಇಟಲಿ, ಜಪಾನ್ ಎರಡೂ ಮೊದಲನೇ ಯುದ್ಧದಲ್ಲಿ ಗೆದ್ದ ಕಡೆ ಇದ್ದಿದ್ದು ಅಲ್ವಾ, ಅಲ್ಲಿ ಯಾಕೆ ಹಾಗಾಯ್ತು? ಈ ಪ್ರಶ್ನೆ ಮಕ್ಕಳ ಮುಂದೆ ಇಟ್ಟು ಆ ಸಂಜೆ ಬಿಟ್ಟುಬಿಡಿ, ರಾತ್ರಿಯೆಲ್ಲ ತಲೇಲಿ ತಿರುಗಲಿ.

1929 ಹೇಳೋವಾಗ ಅಮೆರಿಕದ ಷೇರು ಮಾರ್ಕೆಟ್ ಅಂದ್ರೆ ನಮ್ಮ ಮಕ್ಕಳಿಗೆ ಏನೂ ಹತ್ತಲ್ಲ, ಕಾಫಿ ರೇಟಿಂದ ಹೇಳಿ. ಆ ಕುಸಿತ ನಮ್ಮ ಗುಡ್ಡಕ್ಕೂ ಬಂತು, ಕಾಫಿ ಬೆಲೆ ಬಿತ್ತು, 1935ರಲ್ಲಿ ಕಾಫಿ ಸೆಸ್ ಕಾಯ್ದೆ ಬಂತು, ಆಮೇಲೆ ಯುದ್ಧ ಶುರುವಾಗಿ ಯೂರೋಪಿನ ಮಾರ್ಕೆಟ್ ಮುಚ್ಚಿದ ಮೇಲೆ 1940ರಲ್ಲಿ ಸರ್ಕಾರ ಬೆಳೆಗಾರರ ಕಾಫಿಯನ್ನೆಲ್ಲ ಒಟ್ಟಿಗೆ ತಗೊಂಡು ಮಾರೋ ಪೂಲ್ ಪದ್ಧತಿ ತಂತು, 1942ರಲ್ಲಿ ಅದಕ್ಕೆ ಕಾಯ್ದೆ ಆಯ್ತು. ಮನೇಲಿ ವಯಸ್ಸಾದೋರಿದ್ರೆ "ಪೂಲಿಗೆ ಕಾಫಿ ಹಾಕ್ತಿದ್ದ ಕಾಲ" ಅಂತ ಈಗಲೂ ಹೇಳ್ತಾರೆ, ಆ ಪೂಲ್ ಅನ್ನೋ ಮಾತಿನ ಬೇರು ಆ ಯುದ್ಧದಲ್ಲಿದೆ ಅಂತ ಗೊತ್ತಾದ್ರೆ ಮಕ್ಕಳು ಕಣ್ಣರಳಿಸಿ ಕೂರ್ತಾರೆ.

ಎರಡನೇ ಸಂಜೆ ಮೊರ ತಗೊಳ್ಳಿ. ನಾನು ಅತ್ಯಂತ ಇಷ್ಟಪಟ್ಟು ಮಾಡೋ ಭಾಗ ಇದು, ಅವಸರ ಮಾಡಬೇಡಿ. 10 ಸೀಟಿಗೆ 1 ಕಾಫಿ ಬೀಜ ಅಂತ ಲೆಕ್ಕ. ಜರ್ಮನಿಯ ಪಾರ್ಲಿಮೆಂಟಲ್ಲಿ ಹಿಟ್ಲರನ ನಾಜಿ ಪಕ್ಷಕ್ಕೆ 1928ರ ಮೇನಲ್ಲಿ 12 ಸೀಟು, ಅಂದ್ರೆ ಒಂದು ಬೀಜ, ಒಟ್ಟು ಓಟಲ್ಲಿ 2.6% ಅಷ್ಟೇ. (ಇಲ್ಲೇ ಒಂದು ಮಾತು ಹೇಳಿಬಿಡಿ, ಹಣದುಬ್ಬರ ಆಗಿ ಐದು ವರ್ಷ ಆದ್ರೂ ಇವರಿಗೆ ಜನ ಓಟು ಹಾಕಿರ್ಲಿಲ್ಲ.) 1930ರ ಸೆಪ್ಟೆಂಬರಲ್ಲಿ 107 ಸೀಟು, ಹನ್ನೊಂದು ಬೀಜ ಇಡಿ. 1932ರ ಜುಲೈನಲ್ಲಿ 230, ಇಪ್ಪತ್ತಮೂರು ಬೀಜ, ಆಗ ದೇಶದಲ್ಲಿ ಕೆಲಸ ಇಲ್ಲದೋರೇ ಸುಮಾರು 60 ಲಕ್ಷ ಜನ. ಮಕ್ಕಳು ಒಂದೊಂದೇ ಬೀಜ ಮೊರಕ್ಕೆ ಹಾಕ್ತಾ ಇದ್ರೆ ಆ ಸದ್ದಿಗೇ ಗುಂಪು ಸೀರಿಯಸ್ ಆಗುತ್ತೆ. ಈಗ 1932ರ ನವೆಂಬರ್, ಮತ್ತೆ ಎಲೆಕ್ಷನ್. ಎಷ್ಟು ಹಾಕ್ಬೇಕು ಅಂತ ಕೇಳಿ, ಎಲ್ರೂ ಮೂವತ್ತು, ನಲವತ್ತು ಅಂತಾರೆ. 196 ಸೀಟು ಅಂತ ಹೇಳಿ ಮೊರದಿಂದ ಮೂರು ಬೀಜ ವಾಪಸ್ ತೆಗೀರಿ.

ಹೋದ ವರ್ಷ ಇಲ್ಲೇ ಒಬ್ಬಳು ಎಂಟನೇ ಕ್ಲಾಸ್ ಹುಡುಗಿ, ಅಪ್ಪ ಅಮ್ಮ ಇಬ್ರೂ ತೋಟದಲ್ಲಿ ಕೆಲಸಕ್ಕೆ ಹೋಗೋರು, ತೆಗೆದ ಮೂರು ಬೀಜವನ್ನ ಅಂಗೈಯಲ್ಲಿ ಹಿಡ್ಕೊಂಡು "ಮಿಸ್, ಕಮ್ಮಿ ಆಗ್ತಿತ್ತಲ್ಲ, ಮತ್ತೆ ಯಾಕೆ ಕೊಟ್ರು?" ಅಂದ್ಳು. ನೋಡಿ, ಇಡೀ ಪಾಠದಲ್ಲಿ ಇದಕ್ಕಿಂತ ಮುಖ್ಯ ಪ್ರಶ್ನೆ ಇಲ್ಲ. ಹಿಟ್ಲರ್ ಬಲ ಇಳಿಮುಖ ಆಗಿದ್ದಾಗಲೇ, 1933ರ ಜನವರಿ 30ಕ್ಕೆ, ಅಧ್ಯಕ್ಷ ಹಿಂಡೆನ್‌ಬರ್ಗ್ ಅವನನ್ನ ಚಾನ್ಸೆಲರ್ (ನಮ್ಮ ಪ್ರಧಾನಿ ಥರ) ಮಾಡಿದ್ದು. ಅದಕ್ಕೆ ಓಡಾಡಿದೋರು ಫಾನ್ ಪಾಪೆನ್ ಥರದ ಹಳೇ ರಾಜಕಾರಣಿಗಳು, ಇವನ ಹಿಂದಿರೋ ಜನಬೆಂಬಲ ನಮಗೆ ಬೇಕು, ಇವನನ್ನ ನಮ್ಮ ಹಿಡಿತದಲ್ಲಿ ಇಟ್ಕೋಬಹುದು ಅಂದ್ಕೊಂಡ್ರು. ಮೊದಲ ಸಂಪುಟದಲ್ಲಿ ಹಿಟ್ಲರ್ ಬಿಟ್ರೆ ನಾಜಿಗಳು ಇದ್ದಿದ್ದು ಇನ್ನಿಬ್ರೇ. ಈ ಹಳದಿ ಚೀಟಿಯನ್ನ ಆ ಹುಡುಗಿ ಕೈಲೇ ಬರೆಸಿದೆ.

ಆಮೇಲಿನ ಎಂಟು ವಾರಾನ ದಿನ ಲೆಕ್ಕದಲ್ಲಿ ಹೇಳಿ, ವರ್ಷದ ಲೆಕ್ಕದಲ್ಲಿ ಹೇಳಿದ್ರೆ ವೇಗ ಗೊತ್ತಾಗಲ್ಲ. ಫೆಬ್ರವರಿ 27ರ ರಾತ್ರಿ ಪಾರ್ಲಿಮೆಂಟ್ ಕಟ್ಟಡಕ್ಕೆ ಬೆಂಕಿ ಬಿತ್ತು. ಮಾರನೇ ದಿನವೇ ತುರ್ತು ಆಜ್ಞೆ, ಮಾತಾಡೋ ಹಕ್ಕು, ಪತ್ರಿಕೆ ಹಕ್ಕು, ಸಭೆ ಸೇರೋ ಹಕ್ಕು ಎಲ್ಲಾ ರದ್ದು. ಮಾರ್ಚ್ 5ಕ್ಕೆ ಎಲೆಕ್ಷನ್, ಅಷ್ಟೆಲ್ಲ ಬೆದರಿಕೆ ಹಾಕಿದ್ರೂ 43.9%, 647ರಲ್ಲಿ 288 ಸೀಟು. ಮೊರದಲ್ಲಿ ಇಪ್ಪತ್ತೊಂಬತ್ತು ಬೀಜ ಇಡಿ, ಬಹುಮತಕ್ಕೆ ಮೂವತ್ತಮೂರು ಬೇಕಿತ್ತು ಅಂತ ತೋರ್ಸಿ. ಮಾರ್ಚ್ 22ಕ್ಕೆ ಡಾಖೌ ಶಿಬಿರ ಶುರು, ಮೊದಲು ಅಲ್ಲಿಗೆ ತಂದು ಹಾಕಿದ್ದು ರಾಜಕೀಯ ವಿರೋಧಿಗಳನ್ನ. ಮಾರ್ಚ್ 23ಕ್ಕೆ ಪಾರ್ಲಿಮೆಂಟನ್ನೇ ಬಿಟ್ಟು ಕಾನೂನು ಮಾಡೋ ಅಧಿಕಾರ ಸರ್ಕಾರಕ್ಕೆ ಕೊಡೋ ಕಾಯ್ದೆ, 444 ಓಟು ಪರ, 94 ವಿರೋಧ. ಕಮ್ಯುನಿಸ್ಟ್ ಸದಸ್ಯರು ಒಬ್ರೂ ಒಳಗಿರ್ಲಿಲ್ಲ, ಒಂದೋ ಜೈಲು ಇಲ್ಲಾ ತಲೆಮರೆಸ್ಕೊಂಡಿದ್ರು, ಸಭಾಂಗಣದಲ್ಲಿ ಸಮವಸ್ತ್ರದ ನಾಜಿ ಪಡೆಯವರು ನಿಂತಿದ್ರು. ಆ 94 ಜನಾನೂ ಸೋಷಿಯಲ್ ಡೆಮಾಕ್ರಟ್‌ಗಳು, ಅವರ ನಾಯಕ ಓಟೋ ವೆಲ್ಸ್ ಎದ್ದು ನಿಂತು ವಿರೋಧ ಮಾತಾಡಿದ್ರು. ಈ ಹೆಸರನ್ನ ಮಕ್ಕಳಿಂದ ದೊಡ್ಡ ಅಕ್ಷರದಲ್ಲಿ ಬರೆಸ್ತೀನಿ ನಾನು, ಎಲ್ಲಾ ಕ್ಲಾಸಲ್ಲೂ ಹಿಟ್ಲರ್ ಹೆಸರು ನೂರು ಸಲ ಬರುತ್ತೆ, ಇವರ ಹೆಸರು ಒಂದು ಸಲನಾದ್ರೂ ಬರಲಿ. ಕಾಯ್ದೆ ನಾಲ್ಕು ವರ್ಷಕ್ಕೆ ಅಂತ ಇದ್ದಿದ್ದು. ಜುಲೈ 14ರ ಹೊತ್ತಿಗೆ ನಾಜಿ ಬಿಟ್ಟು ಬೇರೆ ಪಕ್ಷವೇ ಕಾನೂನುಬಾಹಿರ.

ಯಹೂದಿಗಳ ವಿಷಯ ಬಿಡಬೇಡಿ, ಮಕ್ಕಳು ಚಿಕ್ಕವರು ಅಂತ ಹಾರಿಸಬೇಡಿ. 1933ರಲ್ಲಿ ಜರ್ಮನಿಯಲ್ಲಿ ಅವರು ಸುಮಾರು 5 ಲಕ್ಷ, ಜನಸಂಖ್ಯೆಯ 1%ಗಿಂತಲೂ ಕಮ್ಮಿ, ದೇಶದ ಕಷ್ಟಕ್ಕೆಲ್ಲ ಅವರೇ ಕಾರಣ ಅಂತ ರೇಡಿಯೋದಲ್ಲಿ, ಸ್ಕೂಲಲ್ಲಿ, ಗೋಡೆ ಮೇಲೆ ಹೇಳಿ ಹೇಳಿ ನಂಬಿಸಿದ್ರು. 1935ರ ಸೆಪ್ಟೆಂಬರಲ್ಲಿ ನ್ಯೂರೆಂಬರ್ಗ್ ಕಾನೂನು ತಂದು ಅವರ ಪೌರತ್ವವನ್ನೇ ಕಿತ್ಕೊಂಡ್ರು. 1938ರ ಜುಲೈನಲ್ಲಿ ಫ್ರಾನ್ಸಿನ ಎವಿಯಾನ್ ಊರಲ್ಲಿ 32 ದೇಶ ಸೇರಿ ಈ ನಿರಾಶ್ರಿತರನ್ನ ಯಾರು ತಗೊಳ್ತೀರಿ ಅಂತ ಚರ್ಚೆ ಮಾಡಿದ್ವು, ಹೆಚ್ಚಿನವು ಅಯ್ಯೋ ಪಾಪ ಅಂದು ಬಾಗಿಲು ಮುಚ್ಚಿದ್ವು. ನಾಲ್ಕು ತಿಂಗಳಿಗೆ, ನವೆಂಬರ್ 9ರ ರಾತ್ರಿ, ಜರ್ಮನಿ ಪೂರ್ತಿ ಅವರ ಅಂಗಡಿ, ಪ್ರಾರ್ಥನಾ ಮಂದಿರ ಒಡೆದು ಸುಟ್ರು. 2018ರ ಮಳೇಲಿ ಗುಡ್ಡ ಕುಸಿದು ಎಷ್ಟೋ ಜನ ಉಟ್ಟ ಬಟ್ಟೇಲಿ ಪರಿಹಾರ ಕೇಂದ್ರಕ್ಕೆ ಬಂದಿದ್ದನ್ನ ನಮ್ಮ ಮಕ್ಕಳು ಮನೇಲಿ ಕೇಳಿರ್ತಾರೆ, ಬಾಗಿಲು ತೆಗೆದೋರು ಯಾರು ಅನ್ನೋದು ಅವರಿಗೆ ಬೇಗ ಅರ್ಥ ಆಗುತ್ತೆ.

ಒಂದು ಎಚ್ಚರಿಕೆ. ಯಾವ ಮಗುವಿನ ಕೈಲೂ ಹಿಟ್ಲರ್ ಪಾತ್ರ ಮಾಡಿಸಬೇಡಿ, ಮೀಸೆ ಬರೆಯೋದು, ಕೈ ಎತ್ತಿ ಸೆಲ್ಯೂಟ್ ಹೊಡೆಯೋದು ಬೇಡವೇ ಬೇಡ, ಅದು ಆಟ ಆಗಿಬಿಡುತ್ತೆ, ನಗು ಬರುತ್ತೆ. ಹಾಗೇ ಈಗಿನ ಯಾವ ಲೀಡರ್ ಹೆಸರನ್ನೂ ನೀವಾಗಿ ತಳುಕು ಹಾಕಬೇಡಿ. ಹಾಕಿದ ತಕ್ಷಣ ಮಕ್ಕಳು ಅವರವರ ಮನೆ ಪಾರ್ಟಿ ಹಿಡ್ಕೊಂಡು ಕಿತ್ತಾಡ್ತಾರೆ, ಹಗ್ಗದ ಕಡೆ ಯಾರೂ ನೋಡಲ್ಲ. ಚೀಟಿ ಸರಿಯಾಗಿ ನೇತು ಹಾಕಿದ್ರೆ ಸಾಕು, ಯೋಚನೆ ಅವರದ್ದೇ ಆಗಿರಲಿ.

ಇಟಲಿಗೆ ಅರ್ಧ ಗಂಟೆ ಸಾಕು. 1922ರ ಅಕ್ಟೋಬರಲ್ಲಿ ಮುಸೊಲಿನಿಯ ಕರಿ ಅಂಗಿ ತೊಟ್ಟ ಪಡೆಯವರು ರೋಮ್ ಕಡೆ ಹೊರಟ್ರು, ಪ್ರಧಾನಿ ಸೈನ್ಯ ಇಳಿಸೋ ಆಜ್ಞೆ ರೆಡಿ ಮಾಡಿಟ್ಟಿದ್ರು, ರಾಜ ಸಹಿ ಹಾಕ್ಲಿಲ್ಲ. ಮುಸೊಲಿನಿ ಮಿಲಾನ್‌ನಿಂದ ರಾತ್ರಿ ರೈಲಲ್ಲಿ ಆರಾಮಾಗಿ ಬಂದು ಪ್ರಧಾನಿ ಆದ, ಆಗ ಅವನ ಪಕ್ಷಕ್ಕಿದ್ದಿದ್ದು 35 ಸೀಟು. 1924ರಲ್ಲಿ ಮಟ್ಟೆಯೋಟಿ ಅನ್ನೋ ಸಂಸದ ಚುನಾವಣಾ ಅಕ್ರಮದ ಬಗ್ಗೆ ಸದನದಲ್ಲೇ ಮಾತಾಡಿದ್ರು, ಹತ್ತು ಹನ್ನೆರಡು ದಿನಕ್ಕೆ ಅವರನ್ನ ಎತ್ತಾಕ್ಕೊಂಡು ಹೋಗಿ ಕೊಂದ್ರು. ರಷ್ಯಾದ ಸ್ಟಾಲಿನ್ ಕಥೆ ಬೇರೆ ಸಿದ್ಧಾಂತದ್ದು, ಆದ್ರೂ ಅದಕ್ಕೊಂದು ಚೀಟಿ ಇರಲೇಬೇಕು, 1932-33ರ ಬರಗಾಲ, 1936-38ರ ಸಾಮೂಹಿಕ ಬಂಧನ, ಹತ್ಯೆ. ಸರ್ವಾಧಿಕಾರ ಅಂದ್ರೆ ಒಂದೇ ಬಣ್ಣದ ಬಾವುಟ ಅಂತ ಮಕ್ಕಳು ತಿಳ್ಕೋಬಾರದು.

ಮೂರನೇ ಸಂಜೆ ಅಟ್ಲಾಸ್ ತೆಗೀರಿ, ಮೊದಲು ಚೀನಾ ಕಡೆ ಬೆರಳಿಡಿ. ಹೆಚ್ಚಿನವರು ಯೂರೋಪಿಂದ ಶುರು ಮಾಡ್ತಾರೆ, ನನ್ನ ಪ್ರಕಾರ ಅದು ತಪ್ಪು, ಮೊದಲು ಬೇಲಿ ಹಾರಿದ್ದು ಜಪಾನ್. 1931ರ ಸೆಪ್ಟೆಂಬರ್ 18ರ ರಾತ್ರಿ ಮುಕ್ಡೆನ್ ಹತ್ರ ಜಪಾನಿ ಸೇನೆಯವರೇ ತಮ್ಮ ರೈಲು ಹಳಿ ಪಕ್ಕ ಸಣ್ಣದೊಂದು ಬಾಂಬ್ ಸಿಡಿಸಿದ್ರು, ಎಷ್ಟು ಸಣ್ಣದು ಅಂದ್ರೆ ಸ್ವಲ್ಪ ಹೊತ್ತಿಗೆ ಅದೇ ಹಳಿ ಮೇಲೆ ಒಂದು ರೈಲು ದಾಟಿ ಹೋಯ್ತು. ಅದನ್ನ ಚೀನಾದವರ ತಲೆಗೆ ಕಟ್ಟಿ ಚೀನಾದ ಈಶಾನ್ಯ ಭಾಗ ಮಂಚೂರಿಯಾ ಪೂರ್ತಿ ನುಂಗಿದ್ರು. ಹಳದಿ ಚೀಟಿ: ಲೀಗ್ ಆಫ್ ನೇಷನ್ಸ್ (ಮೊದಲನೇ ಯುದ್ಧದ ಮೇಲೆ ಶಾಂತಿ ಕಾಯೋಕೆ ದೇಶಗಳು ಮಾಡ್ಕೊಂಡಿದ್ದ ಒಕ್ಕೂಟ) ವಿಚಾರಣಾ ಸಮಿತಿ ಮಾಡ್ತು, ರಿಪೋರ್ಟ್ ಬಂದಿದ್ದು 1932ರ ಅಕ್ಟೋಬರಲ್ಲಿ, ಅಷ್ಟರಲ್ಲಿ ಅಲ್ಲೊಂದು ಬೊಂಬೆ ಸರ್ಕಾರ ಕೂತು ಏಳು ತಿಂಗಳಾಗಿತ್ತು. 1933ರಲ್ಲಿ ಜಪಾನ್ ತಪ್ಪು ಅಂತ ಲೀಗ್ ಹೇಳ್ತು, ಜಪಾನ್ ಎದ್ದು ಹೊರಗೆ ನಡೀತು. 1937ರ ಜುಲೈಗೆ ಚೀನಾದ ಮೇಲೆ ಪೂರ್ತಿ ಯುದ್ಧ. ಆ ಚೀನಾಕ್ಕೆ 1938ರಲ್ಲಿ ನಮ್ಮ ಕಾಂಗ್ರೆಸ್ ಐದು ಜನ ಡಾಕ್ಟರನ್ನ ಕಳಿಸ್ತು, ಅದರಲ್ಲಿ ಸೊಲ್ಲಾಪುರದ ಡಾಕ್ಟರ್ ಕೊಟ್ನಿಸ್ 1942ರಲ್ಲಿ ಅಲ್ಲೇ ತೀರಿಕೊಂಡ್ರು, ಈ ಹಳದಿ ಚೀಟಿ ಬರೆಯೋವಾಗ ನನಗೆ ಪ್ರತೀ ಸಲ ಗಂಟಲು ಕಟ್ಟುತ್ತೆ.

ಆಮೇಲೆ ಬೆರಳು ಇಥಿಯೋಪಿಯಾಗೆ. 1935ರ ಅಕ್ಟೋಬರಲ್ಲಿ ಇಟಲಿ ನುಗ್ತು, ವಿಷಾನಿಲ ಕೂಡ ಹಾಕ್ತು. ಲೀಗ್ ಈ ಸಲ ವ್ಯಾಪಾರ ನಿರ್ಬಂಧ ಹಾಕ್ತು, ಆದ್ರೆ ಪಟ್ಟಿಯಲ್ಲಿ ಪೆಟ್ರೋಲಿಯಂ ಇರ್ಲಿಲ್ಲ, ಸೂಯೆಜ್ ಕಾಲುವೆಯನ್ನೂ ಮುಚ್ಚಲಿಲ್ಲ. ಅಟ್ಲಾಸಲ್ಲಿ ಇಟಲಿಯಿಂದ ಕೆಂಪು ಸಮುದ್ರಕ್ಕೆ ಮಕ್ಕಳ ಕೈಲೇ ಗೆರೆ ಎಳೆಸಿ, ಸೂಯೆಜ್ ಮುಚ್ಚಿದ್ರೆ ಹಡಗು ಎಷ್ಟು ಸುತ್ತು ಹಾಕ್ಕೊಂಡು ಬರಬೇಕಿತ್ತು ಅಂತ ನೋಡಲಿ, ಇಡೀ ಆಫ್ರಿಕಾ ಸುತ್ತಬೇಕು. 1936ರ ಜೂನ್ 30ಕ್ಕೆ ಚಕ್ರವರ್ತಿ ಹೈಲೆ ಸೆಲಾಸಿ ಜಿನೀವಾಕ್ಕೇ ಬಂದು ಲೀಗ್ ಮುಂದೆ ನಿಂತ್ರು, ಮೇಲಿನ ಗ್ಯಾಲರಿಯಿಂದ ಇಟಲಿ ಪತ್ರಕರ್ತರು ಸೀಟಿ ಹೊಡೆದು ಗಲಾಟೆ ಮಾಡಿದ್ರು, ಅವರನ್ನ ಹೊರಗೆ ಹಾಕೋವರೆಗೂ ಸುಮ್ಮನೆ ನಿಂತಿದ್ದು ಆಮೇಲೆ ತಮ್ಮ ಭಾಷೆ ಅಮ್ಹಾರಿಕ್‌ನಲ್ಲಿ ಮಾತಾಡಿದ್ರು. ಮುಂದಿನ ತಿಂಗಳೇ ಲೀಗ್ ಆ ನಿರ್ಬಂಧಾನೂ ತೆಗೀತು. ಅದೇ ವರ್ಷ ಮಾರ್ಚಲ್ಲಿ ನೆಹರೂ ಯೂರೋಪಿಂದ ವಾಪಸ್ ಬರ್ತಾ ರೋಮಲ್ಲಿ ಇಳಿದಾಗ ಮುಸೊಲಿನಿ ಭೇಟಿಗೆ ಕರೆ ಬಂದಿತ್ತು, ಹೋಗಲ್ಲ ಅಂದ್ರು, ಹೆಂಡತಿ ತೀರಿಕೊಂಡು ಕೆಲವೇ ದಿನ ಆಗಿತ್ತು ಆಗ. ಇದನ್ನೂ ಹಳದಿಯಲ್ಲಿ ಬರೆಸಿ.

ಜರ್ಮನಿ ಚೀಟಿಗಳು ಈಗ ಸಾಲಾಗಿ: 1935ರಲ್ಲಿ ಕಡ್ಡಾಯ ಸೈನ್ಯ ಸೇವೆ, 1936ರ ಮಾರ್ಚ್ 7ಕ್ಕೆ ಸೈನ್ಯ ಇರಲೇಬಾರದು ಅಂದಿದ್ದ, ಫ್ರಾನ್ಸ್ ಗಡಿ ಕಡೆಯ ರೈನ್‌ಲ್ಯಾಂಡಿಗೆ ಸೈನ್ಯ, ಅದೇ ವರ್ಷ ಸ್ಪೇನಿನ ಅಂತರ್ಯುದ್ಧಕ್ಕೆ ವಿಮಾನ, 1938ರ ಮಾರ್ಚ್ 12ಕ್ಕೆ ಆಸ್ಟ್ರಿಯಾ. ರೈನ್‌ಲ್ಯಾಂಡಿಗೆ ಹೋದ ಪಡೆಗೆ ಫ್ರೆಂಚರು ಎದುರು ಬಂದ್ರೆ ಹಿಂದೆ ಸರೀರಿ ಅಂತಲೇ ಹೇಳಿ ಕಳಿಸಿದ್ದು. ಯಾರೂ ಬರ್ಲಿಲ್ಲ.

ಮ್ಯೂನಿಕ್ ಒಪ್ಪಂದಕ್ಕೆ ಬಂದಾಗ ಮಳೆ ನಿಂತಿದ್ರೆ ಮಕ್ಕಳನ್ನ ಹೊರಗೆ ಕರ್ಕೊಂಡು ಹೋಗಿ, ಹತ್ತಿರದಲ್ಲಿ ಕಡಂಗ ಇದ್ರೆ ಅದರ ಅಂಚಲ್ಲಿ ನಿಲ್ಲಿಸಿ (ಜಿಗಣೆಗೆ ಸುಣ್ಣ, ಉಪ್ಪು ತಗೊಂಡು ಹೋಗಿ). ನಮ್ಮ ಹಿರಿಯರು ಗಡಿ ಕಾಯೋಕೆ ತೋಡಿದ ಕಂದಕ ಅದು, ಈಗ ಕಾಡು ಬೆಳೆದು ಮುಚ್ಚಿದೆ. ಚೆಕೊಸ್ಲೊವಾಕಿಯಾದ ಗಡಿ ಗುಡ್ಡಗಳು, ಅಲ್ಲಿ ಕಟ್ಟಿದ ಕೋಟೆ ಕೊತ್ತಲಗಳು ಆ ದೇಶದ ಕಡಂಗ. ಸುಡೆಟನ್‌ಲ್ಯಾಂಡ್ ಅನ್ನೋ ಆ ಭಾಗವನ್ನ 1938ರ ಸೆಪ್ಟೆಂಬರ್ 30ಕ್ಕೆ ಬ್ರಿಟನ್ ಪ್ರಧಾನಿ ಚೇಂಬರ್ಲಿನ್, ಫ್ರಾನ್ಸ್ ಪ್ರಧಾನಿ ದಲಾದಿಯೆ, ಮುಸೊಲಿನಿ, ಹಿಟ್ಲರ್ ನಾಲ್ಕೇ ಜನ ಕೂತು ಜರ್ಮನಿಗೆ ಬರೆದುಕೊಟ್ರು. ಚೆಕ್ ಪ್ರತಿನಿಧಿಗಳು ಅದೇ ಊರಿನ ಹೋಟೆಲಲ್ಲಿ ಕಾಯ್ತಾ ಇದ್ರು, ಒಳಗೆ ಕರೀಲೇ ಇಲ್ಲ. ನಿಮ್ಮ ತೋಟದ ಗಡಿ ಪಂಚಾಯ್ತಿ ನಿಮ್ಮನ್ನ ಗೇಟ್ ಹೊರಗೆ ನಿಲ್ಲಿಸಿ ಮಾಡಿದ್ರೆ ಹೇಗಿರುತ್ತೆ ಅಂತ ಕೇಳಿ, ತೋಟದ ಮಕ್ಕಳಿಗೆ ಬೇರೆ ವಿವರಣೆ ಬೇಡ. ಕಡಂಗ ಹೋದ್ಮೇಲೆ ಮನೆ ಎಷ್ಟು ದಿನ, 1939ರ ಮಾರ್ಚ್ 15ಕ್ಕೆ ರಾಜಧಾನಿ ಪ್ರಾಗೂ ಹೋಯ್ತು, ಆರು ತಿಂಗಳೂ ತುಂಬಿರ್ಲಿಲ್ಲ.

ಚೇಂಬರ್ಲಿನ್‌ನ ಬರೀ ಹೇಡಿ ಅಂತ ತೋರಿಸಬೇಡಿ, ಅದು ನ್ಯಾಯ ಅಲ್ಲ. ಮೊದಲನೇ ಯುದ್ಧ ಮುಗಿದು ಇಪ್ಪತ್ತು ವರ್ಷ ಆಗಿತ್ತಷ್ಟೇ, ಮಗನನ್ನೋ ಅಣ್ಣನನ್ನೋ ಕಳ್ಕೊಂಡ ಮನೆಗಳು ಬೀದಿ ಬೀದಿಯಲ್ಲಿದ್ವು, ಅವರು ವಿಮಾನದಿಂದ ಇಳಿದು ಹಿಟ್ಲರ್ ಸಹಿ ಇದ್ದ ಶಾಂತಿಯ ಕಾಗದ ತೋರಿಸಿದಾಗ ಜನ ಸಂತೋಷದಿಂದ ಅತ್ತಿದ್ದು ನಿಜ. ಮತ್ತೆ ಯುದ್ಧ ಬೇಡ ಅನ್ನೋ ಆಸೆ ತಪ್ಪಲ್ಲ, ಬೇರೆಯವರ ಜಮೀನು ಕೊಟ್ಟು ಆ ಆಸೆ ತೀರಿಸ್ಕೊಂಡಿದ್ದು ತಪ್ಪು. ಮಕ್ಕಳು ಈ ವ್ಯತ್ಯಾಸದ ಮೇಲೆ ವಾದ ಮಾಡಲಿ, ಎಷ್ಟು ಹೊತ್ತಾದ್ರೂ ಸರಿ.

ಆಮೇಲಿನದ್ದು ಬೇಗ ಮುಗಿಯುತ್ತೆ. 1939ರ ಆಗಸ್ಟ್ 23ಕ್ಕೆ ಹಿಟ್ಲರ್ ಸ್ಟಾಲಿನ್ ಒಪ್ಪಂದ (ಒಬ್ಬರ ಮೇಲೊಬ್ಬರು ದಾಳಿ ಮಾಡಲ್ಲ ಅಂತ), ಸೆಪ್ಟೆಂಬರ್ 1ಕ್ಕೆ ಪೋಲೆಂಡ್, 3ಕ್ಕೆ ಬ್ರಿಟನ್, ಫ್ರಾನ್ಸ್ ಯುದ್ಧ ಘೋಷಣೆ. ಅದೇ ದಿನ ವೈಸ್‌ರಾಯ್ ಲಿನ್ಲಿತ್‌ಗೋ ನಮ್ಮವರು ಯಾರನ್ನೂ ಕೇಳದೆ ಭಾರತವೂ ಯುದ್ಧದಲ್ಲಿದೆ ಅಂತ ಹೇಳಿಬಿಟ್ರು, ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟವು. ಕೊಡಗು ಆಗ ಮೈಸೂರಿಗೆ ಸೇರಿರ್ಲಿಲ್ಲ, ಚೀಫ್ ಕಮಿಷನರ್ ಕೈಕೆಳಗಿನ ಪುಟ್ಟ ಪ್ರಾಂತ್ಯ, ಇಲ್ಲಿಂದಲೂ ಹುಡುಗರು ಹೊರಟ್ರು.

ನಾಲ್ಕನೇ ಸಂಜೆ ಪಾಠ ಮಾಡಬೇಡಿ, ಮಕ್ಕಳನ್ನ ಹಿಂದಿನ ದಿನವೇ ಮನೆಮನೆಗೆ ಕಳಿಸಿ. ಹಳೇ ಫೋಟೋ, ಸೈನ್ಯದ ಡಿಸ್ಚಾರ್ಜ್ ಬುಕ್, ಪೆಟ್ಟಿಗೆ ತಳದಲ್ಲಿರೋ ಪದಕ ಇದ್ರೆ ನೋಡ್ಕೊಂಡು ಬರಲಿ, ಮನೆಯವರು ಕೊಟ್ರೆ ಮಾತ್ರ ತರಲಿ. ಆರು ಮೂಲೆ ನಕ್ಷತ್ರದ ಥರ ಇದ್ರೆ ಅದು ಆ ಯುದ್ಧದ್ದು, ರಿಬ್ಬನ್ನು ಮರಳಿನ ಬಣ್ಣದ್ದಾದ್ರೆ ಆಫ್ರಿಕಾ ಸ್ಟಾರ್, ನಡುವೆ ಕೆಂಪು ಪಟ್ಟೆ, ಪಕ್ಕದಲ್ಲಿ ನೀಲಿ, ಕಿತ್ತಳೆ ಇದ್ರೆ ಬರ್ಮಾ ಸ್ಟಾರ್. ಉಜ್ಜಿ ಹೊಳಪು ಮಾಡೋಕೆ ಬಿಡಬೇಡಿ. ಮಡಿಕೇರಿಗೆ ಹೋಗೋಕಾದ್ರೆ ಜನರಲ್ ತಿಮ್ಮಯ್ಯನವರು ಹುಟ್ಟಿದ ಮನೆ ಸನ್ನಿಸೈಡ್ ಈಗ ಮ್ಯೂಸಿಯಂ, ತೋರಿಸ್ಕೊಂಡು ಬನ್ನಿ. ಮುಕ್ಡೆನ್‌ನಲ್ಲಿ ಆ ಸಣ್ಣ ಬಾಂಬ್ ಸಿಡಿದಾಗ ಅವರಿಗೆ 25 ವರ್ಷ, 1945ರಲ್ಲಿ ಬರ್ಮಾದ ಅರಾಕಾನಲ್ಲಿ ಅದೇ ಜಪಾನಿ ಸೈನ್ಯದ ಎದುರು ಒಂದು ಬ್ರಿಗೇಡ್ ಮುನ್ನಡೆಸಿದೋರು.

ಹೋದ ವರ್ಷ ನಾಲ್ಕನೇ ಸಂಜೆ ಪಕ್ಕದ ಮನೆ ಅಜ್ಜಿ ಕೊಡೆ ಹಿಡ್ಕೊಂಡು ತಾವೇ ಬಂದ್ರು, ಬಿಸ್ಕೆಟ್ ಡಬ್ಬದಲ್ಲಿ ಬಟ್ಟೆ ಸುತ್ತಿ ತಂದಿದ್ರು, ಅವರ ಅಪ್ಪನದ್ದು, ಬರ್ಮಾ ಸ್ಟಾರ್. ರಿಬ್ಬನ್ ಅರ್ಧ ಹುಳ ತಿಂದಿತ್ತು. ಹಗ್ಗದಲ್ಲಿ ಎಲ್ಲಿಡೋಣ ಅಂತ ಕೇಳಿದೆ. ಎಲ್ರೂ ಕೊನೇಗೆ, ಕೊನೇಗೆ, ಅಂದ್ರು. ಮೂರು ಬೀಜ ಹಿಡ್ಕೊಂಡಿದ್ದ ಆ ಹುಡುಗಿ ಮಾತ್ರ ಎದ್ದು, ಹಗ್ಗದ ಈ ತುದಿಯಿಂದ ಚೀಟಿಗಳನ್ನ ಒಂದೊಂದೇ ಓದ್ತಾ ಹೋಗಿ, 1931ರ ಸೆಪ್ಟೆಂಬರ್ 18ರ ಬಿಳಿ ಚೀಟಿ ಹತ್ರ ನಿಂತು, "ಅಜ್ಜಿ, ಇಲ್ಲಿ ಹಾಕ್ಲಾ?" ಅಂದ್ಳು. ಅಜ್ಜಿ ಕನ್ನಡಕ ಹಾಕ್ಕೊಂಡು ಚೀಟಿ ಓದಿದ್ರು, ಪಕ್ಕದ ಹಳದಿಯನ್ನೂ ಓದಿದ್ರು, "ಹ್ಞೂಂ, ಹಾಕು ಮಗಳೇ" ಅಂದು ಕ್ಲಿಪ್ ತಾವೇ ಎತ್ತಿ ಕೊಟ್ರು.